ಐದಕ್ಕೇ ಕತ್ತಲಾಗುವ ಊರಿನಲ್ಲಿ ಜೇಬಿನ ಕ್ಯಾಮೆರಾ

ಅಲಿಪುರ ಎಂದರೆ ಕೋಲ್ಕತ್ತದವರಿಗೆ ಹವಾಮಾನ ಕಚೇರಿ. ನಾಳೆ ಮಳೆ ಬರುತ್ತದೆಯೇ ಎಂಬುದನ್ನು ಈ ಊರು ಅಲಿಪುರದಿಂದಲೇ ಕೇಳಿ ತಿಳಿಯುತ್ತದೆ. ಅದು ಬಿಟ್ಟರೆ 1876ರಲ್ಲಿ ತೆರೆದ ಮೃಗಾಲಯ, 2022ರಲ್ಲಿ ಮ್ಯೂಸಿಯಂ ಆದ ಹಳೆಯ ಸೆಂಟ್ರಲ್ ಜೈಲು, ಕನ್ನಡ ಪುಸ್ತಕಗಳೂ ಬಂದು ಸೇರುವ ರಾಷ್ಟ್ರೀಯ ಗ್ರಂಥಾಲಯ. ಆದರೆ ಕೆಲಸಕ್ಕೆಂದು ಕರ್ನಾಟಕದಿಂದ ಇಲ್ಲಿಗೆ ಬಂದವರಿಗೆ ಮೊದಲು ತಟ್ಟುವುದು ಇವು ಯಾವುದೂ ಅಲ್ಲ, ಇಲ್ಲಿಯ ಸೂರ್ಯ.

ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ ಇನ್ನೂ ಒಂದು ಗಂಟೆ ಬೆಳಕಿರುತ್ತದೆ. ಜೂನ್‌ನಲ್ಲಿ ಬೆಳಗಿನ ಐದಕ್ಕೆ ಮುಂಚೆಯೇ ಇಲ್ಲಿ ಸೂರ್ಯ ಹುಟ್ಟಿರುತ್ತಾನೆ. ಎರಡೂ ಊರಿಗೆ ಗಡಿಯಾರ ಒಂದೇ, ರೇಖಾಂಶ ಬೇರೆ. ಹವ್ಯಾಸಕ್ಕೆ ಫೋಟೊ ತೆಗೆಯುವ ನೌಕರನಿಗೆ ಇದರ ಅರ್ಥ ಸರಳ: ಚಳಿಗಾಲದಲ್ಲಿ ಕಚೇರಿ ಬಿಡುವ ಹೊತ್ತಿಗೆ ಬೆಳಕು ಹೋಗಿರುತ್ತದೆ. ಉಳಿಯುವುದು ಬೀದಿದೀಪ, ಚಹಾದಂಗಡಿಯ ಬಲ್ಬು, ಚೇತ್ಲಾ ಸಂತೆಯ ಮೀನುಗಾರರ ತಕ್ಕಡಿಯ ಮೇಲೆ ತೂಗುವ ಬಿಳಿ ದೀಪ.

ನಾನು ಸುಧಾರಿತ ಕಾಂಪ್ಯಾಕ್ಟ್ ಕ್ಯಾಮೆರಾ ಕೊಂಡದ್ದು ಈ ಬೆಳಕಿಗಾಗಿ. 2012ರಲ್ಲಿ ಸೋನಿ ಆರ್‌ಎಕ್ಸ್100 ಬಂದ ಮೇಲೆ ಬೆಳೆದ ‘ಒಂದು ಇಂಚು’ ಸೆನ್ಸರ್‌ನ ವರ್ಗಕ್ಕೆ ಸೇರಿದ್ದು ಅದು. ಆ ಸೆನ್ಸರ್ ನಿಜಕ್ಕೂ ಒಂದು ಇಂಚು ಇಲ್ಲ. ಹಳೆಯ ಟಿ.ವಿ. ಕ್ಯಾಮೆರಾಗಳ ಗಾಜಿನ ಟ್ಯೂಬಿನ ಅಳತೆಯಿಂದ ಬಂದ ಹೆಸರದು. ಸೆನ್ಸರ್‌ನ ನಿಜವಾದ ಅಳತೆ 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ಆದರೂ ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಸಣ್ಣ ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ಗೆ ಹೋಲಿಸಿದರೆ ಇದರ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು. ಎಫ್ 1.8ರವರೆಗೆ ಅಗಲವಾಗಿ ತೆರೆಯುವ ಲೆನ್ಸ್ ಜೊತೆಗಿದ್ದರೆ ಕತ್ತಲಿನಲ್ಲೂ ಫ್ಲ್ಯಾಶ್ ಬೇಕಾಗುವುದಿಲ್ಲ. ಬಲ್ಬಿನ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಈಗಿನ ಫೋನುಗಳೂ ಕತ್ತಲಲ್ಲಿ ಚೆನ್ನಾಗಿ ತೆಗೆಯುತ್ತವಲ್ಲ ಎಂದು ನೀವು ಕೇಳಬಹುದು. ತೆಗೆಯುತ್ತವೆ. ಹಲವು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ನೆರಳನ್ನೆಲ್ಲ ಎತ್ತಿ, ರಾತ್ರಿಯನ್ನು ಸಂಜೆ ಮಾಡಿ ಕೊಡುತ್ತವೆ. ಕಾಂಪ್ಯಾಕ್ಟ್‌ನಲ್ಲಿ ಆ ತೀರ್ಮಾನ ನಮ್ಮದು. ಎಷ್ಟು ಕತ್ತಲು ಉಳಿಯಬೇಕು, ಮೀನು ಕತ್ತರಿಸುವ ಕೈ ಎಷ್ಟು ಮಸುಕಾಗಬೇಕು ಎಂಬುದನ್ನು ಷಟರ್ ಮತ್ತು ಅಪರ್ಚರ್ ತಿರುಗಿಸಿ ನಾವೇ ನಿರ್ಧರಿಸುತ್ತೇವೆ. ರಾ ಕಡತವಿದ್ದರೆ ಮನೆಗೆ ಬಂದು ಬಣ್ಣವನ್ನು ನಿಧಾನವಾಗಿ ತಿದ್ದಬಹುದು.

ಇನ್ನು ಅದರ ಮಿತಿ. ಈ ವರ್ಗದ ಎಷ್ಟೋ ಕ್ಯಾಮೆರಾಗಳ ಜೂಮ್, ಹಳೆಯ 35 ಮಿ.ಮೀ. ಫಿಲ್ಮ್ ಲೆಕ್ಕದಲ್ಲಿ, 70 ಅಥವಾ 100 ಮಿ.ಮೀ.ಗೆ ಮುಗಿದುಹೋಗುತ್ತದೆ. ಮೃಗಾಲಯದ ಕೊಳದ ಆಚೆ ದಡದ ಬಾತುಕೋಳಿ ಅದರಲ್ಲಿ ಒಂದು ಚುಕ್ಕೆ. ಕರ್ನಾಟಕದಿಂದ ಬಂದ ಹವ್ಯಾಸಿಗೆ ಇದು ಸ್ವಲ್ಪ ಚುಚ್ಚುವ ಮಾತು. ಏಕೆಂದರೆ ಹವ್ಯಾಸಿ ಛಾಯಾಗ್ರಹಣ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕಾಡು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳು, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಾಗಿ ಕಾಯುತ್ತಿದ್ದ ತೇಜಸ್ವಿ, 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ. ದೂರದ ಜೀವಿಯನ್ನು ಹತ್ತಿರ ತರುವ ಉದ್ದನೆಯ ಲೆನ್ಸ್ ಆ ಪರಂಪರೆಯ ಗುರುತು.

ಗಿಡ್ಡ ಲೆನ್ಸ್ ಇದಕ್ಕೆ ತದ್ವಿರುದ್ಧ. ಅದು ಯಾರನ್ನೂ ಹತ್ತಿರ ತರುವುದಿಲ್ಲ. ನಾವೇ ಹತ್ತಿರ ಹೋಗಬೇಕು.

ಪರಊರಿನಲ್ಲಿ ಇದೇ ಕಷ್ಟದ ಕೆಲಸ. ಫ್ಲ್ಯಾಟು, ಲಿಫ್ಟು, ಕಚೇರಿ, ಮತ್ತೆ ಫ್ಲ್ಯಾಟು: ಹೀಗೆ ವರ್ಷಗಟ್ಟಲೆ ಬದುಕಿಬಿಡಬಹುದು, ಒಬ್ಬರ ಹತ್ತಿರವೂ ಹೋಗದೆ. ದೂರದಿಂದ ತೆಗೆದರೆ ಕೋಲ್ಕತ್ತ ಸುಲಭವಾಗಿ ಸಿಗುತ್ತದೆ. ಟ್ರಾಮು, ಹೌರಾ ಸೇತುವೆ, ಕೈರಿಕ್ಷಾ, ಬಡತನ. ಅಂಥ ಚಿತ್ರಗಳು ಬೇಕಾದಷ್ಟಿವೆ, ಇನ್ನೊಂದನ್ನು ನಾನು ಸೇರಿಸಬೇಕಿಲ್ಲ. ಎರಡು ಮಾರು ದೂರದಲ್ಲಿ ನಿಂತು ತೆಗೆಯಬೇಕಾದರೆ ಮಾತ್ರ ಮಾತಾಡಲೇಬೇಕು. ನಾನು ಮೊದಲು ಕಲಿತ ಪೂರ್ತಿ ಬಂಗಾಳಿ ವಾಕ್ಯವೇ ‘ದಾದಾ, ಎಕ್ಟಾ ಛೋಬಿ ತುಲ್ಬೋ?’ ಎಂಬುದು. ಅಣ್ಣಾ, ಒಂದು ಚಿತ್ರ ತೆಗೆಯಲೇ? ನಾವು ಚಿತ್ರ ‘ತೆಗೆಯುತ್ತೇವೆ’, ಬಂಗಾಳಿಗಳು ‘ಎತ್ತುತ್ತಾರೆ’. ಆ ಒಂದು ವಾಕ್ಯಕ್ಕೆ ಬಂದ ಉತ್ತರಗಳನ್ನು ಅರ್ಥ ಮಾಡಿಕೊಳ್ಳಲು ಉಳಿದ ಬಂಗಾಳಿ ಕಲಿಯಬೇಕಾಯಿತು. ಬೇಡ ಎಂದವರೂ ಇದ್ದಾರೆ. ಬೇಡ ಎಂದರೆ ಕ್ಯಾಮೆರಾ ಜೇಬಿಗೆ ಹೋಗುತ್ತದೆ, ಚಹಾ ಮಾತ್ರ ಮುಂದುವರಿಯುತ್ತದೆ. ಜೇಬಿಗೆ ಹಿಡಿಯುವ ಕ್ಯಾಮೆರಾದ ಸೌಕರ್ಯ ಅದು.

ನಮ್ಮ ರಸ್ತೆಯ ತಿರುವಿನಲ್ಲಿ ಹಳದಿ ಅಂಬಾಸಿಡರ್ ನಿಲ್ಲಿಸಿಕೊಂಡಿರುತ್ತಿದ್ದ ಚಾಲಕರೊಬ್ಬರು ಬಿಹಾರದವರು. ನನ್ನಂತೆಯೇ ದುಡಿಯಲು ಬಂದವರು, ನನಗಿಂತ ಬಹಳ ಮೊದಲು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. 15 ವರ್ಷದ ವಯೋಮಿತಿ ಒಂದೊಂದೇ ಹಳದಿ ಟ್ಯಾಕ್ಸಿಯನ್ನು ರಸ್ತೆಯಿಂದ ಇಳಿಸುತ್ತಿದೆ. ಅವರ ಗಾಡಿಯ ಸರದಿ ಬಂದಾಗ ಅವರೇ ನನ್ನನ್ನು ಕರೆದರು. ಗಾಡಿಯದ್ದಷ್ಟೇ ಬೇಡ, ತಾನು ಸ್ಟಿಯರಿಂಗ್ ಹಿಡಿದು ಕೂತಿರಬೇಕು, ಊರಿನಲ್ಲಿ ಮೊಮ್ಮಕ್ಕಳಿಗೆ ತೋರಿಸಬೇಕು ಎಂದರು. ಬೆಳಗಿನ ಐದೂವರೆಯ ಬೆಳಕು ಚೆನ್ನಾಗಿರುತ್ತದೆ ಎಂದು ಹೇಳಿದ್ದೆ. ಅವರು ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು, ಬಾನೆಟ್ ಒರೆಸಿ ಕಾಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತೇ ತೆಗೆದೆ. ದೊಡ್ಡ ಕ್ಯಾಮೆರಾ ಹಿಡಿದರೆ ಮೊಣಕೈ ಬಾಗಿಲಿಗೆ ತಾಗುವಷ್ಟು ಕಿರಿದು ಜಾಗ. ಪ್ರಿಂಟ್ ಹಾಕಿಸಿ ಕೊಟ್ಟಾಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಲೈಸೆನ್ಸಿನ ಜೊತೆ ಇಟ್ಟುಕೊಂಡರು. ಗಾಡಿ ಗುಜರಿಗೆ ಹೋಯಿತು, ಅವರು ಊರಿಗೆ ಹೋದರು.

ಆ ಪ್ರಿಂಟ್ ಹಾಕಿಸಲು ಆದದ್ದು ಒಂದೆರಡು ಚಹಾದ ದುಡ್ಡು. ಚಿತ್ರ ತೆಗೆದವರಿಗೆಲ್ಲ ಮುಂದಿನ ವಾರ ಪ್ರಿಂಟ್ ಕೊಡುವುದು ಆಮೇಲೆ ನನ್ನ ನಿಯಮವಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಫೋನ್ ಬದಲಾದಾಗ ಹೋಗುತ್ತದೆ. ಕಾಗದ ಗೋಡೆಯಲ್ಲಿ ಉಳಿಯುತ್ತದೆ. ಪ್ರಿಂಟ್ ಕೊಡಲು ಮತ್ತೊಮ್ಮೆ ಹೋಗಬೇಕಾಗುತ್ತದೆ ಎಂಬುದೇ ಅದರ ದೊಡ್ಡ ಲಾಭ.

ಈ ಕ್ಯಾಮೆರಾಗಳ ಕಾಲವೂ ಅಂಬಾಸಿಡರ್‌ನ ಹಾದಿಯಲ್ಲೇ ಇದೆ. ಲೆನ್ಸ್ ಕಳಚಲಾಗದ ಡಿಜಿಟಲ್ ಕ್ಯಾಮೆರಾಗಳು 2010ರಲ್ಲಿ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಹೊರಬಂದಿದ್ದವು. 2021ರ ಹೊತ್ತಿಗೆ ಅದು 30 ಲಕ್ಷದ ಆಸುಪಾಸಿಗೆ ಇಳಿಯಿತು. ರೀಕೋ ಜಿಆರ್, ಫ್ಯೂಜಿಫಿಲ್ಮ್ ಎಕ್ಸ್100 ಸರಣಿಯಂಥ ಕೆಲವನ್ನು ಹುಡುಕಿ ಕೊಳ್ಳುವವರು ಇನ್ನೂ ಇದ್ದಾರೆ. ಆದರೆ ಹಳೆಯ ಮಾದರಿಗಳಿಗೆ ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟ. ನಿಮ್ಮ ಬೀರುವಿನಲ್ಲಿ ಒಂದಿದ್ದರೆ ಕಾಪಾಡಿಕೊಳ್ಳಿ. ಕೋಲ್ಕತ್ತವೋ ಮುಂಬೈಯೋ ಚೆನ್ನೈಯೋ, ತೇವ ಹೆಚ್ಚಿರುವ ಊರಿನಲ್ಲಿದ್ದರೆ ಚರ್ಮದ ಕೇಸಿನಲ್ಲಿ ಮುಚ್ಚಿಡಬೇಡಿ. ಲೆನ್ಸಿನೊಳಗೆ ಬೂಸ್ಟು ಬೆಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬ್ಯಾಟರಿಯನ್ನು ಹೊರಗೆ ತೆಗೆದಿಡಿ.

ಅದಕ್ಕಿಂತ ಒಳ್ಳೆಯ ಉಪಾಯ, ವಾರಕ್ಕೆರಡು ಸಲ ಜೇಬಿಗೆ ಹಾಕಿಕೊಂಡು ಹೊರಡುವುದು. ನೀವಿರುವ ಬೀದಿಯಲ್ಲೂ ಯಾರೋ ಒಬ್ಬರು ಶರ್ಟಿಗೆ ಇಸ್ತ್ರಿ ಹಾಕಿಸಿಕೊಳ್ಳಲು ಸಿದ್ಧರಿರುತ್ತಾರೆ. ಅವರ ಭಾಷೆಯಲ್ಲಿ ಒಂದು ವಾಕ್ಯ ಕಲಿತು ಹೋಗಿ.