ಹರಿಯುವ ನೀರೆಲ್ಲ ಶುದ್ಧವೇ?

ನಮ್ಮ ಹಿರೇನಲ್ಲೂರಿನ ಮದ್ರಸದಲ್ಲಿ ಒಂದು ಸಂಜೆ ಮಕ್ಕಳಿಗೆ ನೀರಿನ ಪಾಠ ಮಾಡುತ್ತಿದ್ದೆ. ಬಣ್ಣ, ರುಚಿ, ವಾಸನೆ ಎಂಬ ಮೂರು ಗುಣಗಳ ಬಗ್ಗೆ ವಿವರಿಸಿ, ಹರಿಯುವ ನೀರಿನಲ್ಲಿ ಕೊಳೆಯಿಂದ ಈ ಗುಣಗಳು ಬದಲಾಗದಿದ್ದರೆ ಅದು ಪಾಕ್, ಅದರಲ್ಲಿ ವುಝೂ ಮಾಡಬಹುದು ಎಂದೆ. ಆಗ ಹತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. ಆಕೆಯ ತಾಯಿ ಕಾಫಿ ಕುಯಿಲಿಗೆಂದು ಬೆಟ್ಟದ ತೋಟವೊಂದಕ್ಕೆ ಹೋಗಿದ್ದರು. ರಜೆಯಲ್ಲಿ ಮಗಳೂ ಕೆಲವು ದಿನ ತಾಯಿಯ ಜೊತೆ ಲೈನ್ ಮನೆಯಲ್ಲಿದ್ದು ಬಂದಿದ್ದಳು.

"ಹಜ್ರತ್, ತೋಟದ ಕೆಳಗೆ ಒಂದು ಹಳ್ಳ ಇತ್ತು. ನೀರು ಹರೀತಾನೇ ಇತ್ತು. ಆದ್ರೆ ಕಪ್ಪಗಿತ್ತು, ಹುಳಿ ಹಿಟ್ಟಿನ ವಾಸನೆ ಬರ್ತಿತ್ತು. ಅದರಲ್ಲಿ ಬಟ್ಟೆ ಒಗೆದ್ರೆ ಅಮ್ಮಿಯ ಕೈ ತುರಿಸ್ತಿತ್ತು. ಆ ನೀರು ಪಾಕಾ, ನಾಪಾಕಾ?"

ಕಾಫಿ ಹಣ್ಣು ನಾಪಾಕ್ ವಸ್ತುವಲ್ಲ. ಆದರೆ ಶುದ್ಧ ವಸ್ತುವೇ ಬೆರೆತರೂ ನೀರು ತನ್ನ ಸಹಜ ಗುಣವನ್ನು ಕಳೆದುಕೊಂಡು ಬೇರೇನೋ ಆಗಿಬಿಟ್ಟರೆ ಅದರಿಂದ ವುಝೂ ಆಗುವುದಿಲ್ಲ. ಮದ್ರಸದಲ್ಲಿ ಕಲಿತ ಈ ಉತ್ತರವನ್ನು ಹೇಳಿ ಆಕೆಯನ್ನು ಕೂರಿಸಿದೆ. ಮನೆಗೆ ಬಂದ ಮೇಲೆ ನನಗೇ ಸಮಾಧಾನವಾಗಲಿಲ್ಲ. ಹುಡುಗಿ ಕೇಳಿದ್ದು ವುಝೂವಿನ ಬಗ್ಗೆ ಮಾತ್ರವಲ್ಲ, ತನ್ನ ತಾಯಿಯ ಕೈಯ ಬಗ್ಗೆ. ಆ ಪ್ರಶ್ನೆಯ ಬೆನ್ನು ಹಿಡಿದು ಓದಿದ್ದನ್ನು, ತಿಳಿದವರಿಂದ ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಟ್ಟದ ನೀರು, ಬಯಲಿನ ಬಾಯಾರಿಕೆ

ಯಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟವರು ಸೂಫಿ ಸಂತ ಬಾಬಾಬುಡನ್ ಎಂಬ ಪ್ರತೀತಿ ಎಲ್ಲರಿಗೂ ತಿಳಿದದ್ದೇ. ಹದಿನೇಳನೆಯ ಶತಮಾನದ ಆ ಏಳು ಬೀಜಗಳು ಇಂದು ದೊಡ್ಡ ಉದ್ಯಮವಾಗಿವೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಅದೇ ಬೆಟ್ಟಸಾಲಿನಲ್ಲಿ ವೇದಾ ಮತ್ತು ಆವತಿ ಎಂಬ ಹೊಳೆಗಳು ಹುಟ್ಟುತ್ತವೆ. ಸಖರಾಯಪಟ್ಟಣದ ಅಯ್ಯನಕೆರೆ, ಕಡೂರಿನ ಮದಗದ ಕೆರೆಗಳಿಗೆ ಬರುವುದು ಈ ಬೆಟ್ಟದ ನೀರೇ. ಎರಡೂ ಹೊಳೆಗಳು ಕಡೂರಿನ ಸಮೀಪ ಕೂಡಿ ವೇದಾವತಿಯಾಗಿ ವಾಣಿವಿಲಾಸ ಸಾಗರದತ್ತ ಸಾಗುತ್ತವೆ.

ನಾವು ಬಯಲು ಸೀಮೆಯವರು. ತೆಂಗಿನ ಮರ ಬಾಡಿದರೆ ಆಕಾಶ ನೋಡುವವರು, ಕೊಳವೆಬಾವಿ ಬತ್ತಿದರೆ ಟ್ಯಾಂಕರಿಗೆ ಕಾಯುವವರು. ನೀರಿನ ಬೆಲೆ ನಮಗೆ ಗೊತ್ತು. ಬೆಟ್ಟದಲ್ಲಿ ನೀರಿಗೆ ಏನಾಗುತ್ತದೆ ಎಂಬುದು ನಮ್ಮ ಮನೆಯ ವಿಷಯವೂ ಹೌದು.

ಕಾಫಿ ಹಣ್ಣನ್ನು ಎರಡು ರೀತಿಯಲ್ಲಿ ಸಂಸ್ಕರಿಸುತ್ತಾರೆ. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಅದು ಚೆರ್ರಿ ಕಾಫಿ. ಇದಕ್ಕೆ ನೀರು ಬೇಕಾಗಿಲ್ಲ. ಇನ್ನೊಂದು ಪಾರ್ಚ್‌ಮೆಂಟ್ ಕಾಫಿ. ಇದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ತೆಗೆಯುತ್ತಾರೆ. ಆಗಲೂ ಬೀಜದ ಮೇಲೆ ಸಿಹಿಯಾದ ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ತೊಟ್ಟಿಯಲ್ಲಿ ಒಂದು ದಿನವೋ ಒಂದೂವರೆ ದಿನವೋ ಹುದುಗಲು ಬಿಟ್ಟು, ನಂತರ ಧಾರಾಳ ನೀರಿನಲ್ಲಿ ತೊಳೆಯುತ್ತಾರೆ. ಹಣ್ಣಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಸಿಪ್ಪೆಯೇ ಇರುತ್ತದೆ. ಸಿಪ್ಪೆಯ ರಸ, ಲೋಳೆಯ ಸಕ್ಕರೆ ಎಲ್ಲವೂ ನೀರಿಗೆ ಸೇರುತ್ತವೆ.

ಇದೆಲ್ಲ ನಡೆಯುವುದು ನವೆಂಬರಿನಿಂದ ಬೇಸಿಗೆಯ ಆರಂಭದವರೆಗೆ, ಅಂದರೆ ಮಳೆ ನಿಂತು ಹಳ್ಳಗಳು ಸಣ್ಣಗಾಗುವ ಕಾಲದಲ್ಲಿ. ಕೊಳೆ ಅತಿ ಹೆಚ್ಚಾಗುವ ಹೊತ್ತಿಗೇ ಅದನ್ನು ಕೊಚ್ಚಿಕೊಂಡು ಹೋಗುವ ನೀರು ಕಡಿಮೆಯಾಗಿರುತ್ತದೆ.

ನೀರಿನ ಉಸಿರು ಕಟ್ಟುವುದು ಹೇಗೆ?

ಇದು ವಿಷವಲ್ಲ, ಹಣ್ಣಿನ ರಸ ತಾನೇ, ಇದರಿಂದೇನು ತೊಂದರೆ ಎಂದು ಯಾರಾದರೂ ಕೇಳಬಹುದು. ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬಿ ಹುಳಿಯಾಗುವುದನ್ನು ಗೃಹಿಣಿಯರು ದಿನವೂ ನೋಡುತ್ತಾರೆ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟನ್ನು ತಿಂದು ಬೆಳೆಯುವ ಕ್ರಿಯೆ ಅದು. ಹಳ್ಳಕ್ಕೆ ಸಕ್ಕರೆಯ ನೀರು ಬಿದ್ದಾಗಲೂ ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಮುಗಿಬೀಳುತ್ತವೆ. ತಿನ್ನುವಾಗ ಉಸಿರಾಡುತ್ತವೆ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಅವೇ ಎಳೆದುಕೊಂಡರೆ ಮೀನುಗಳಿಗೆ ಉಳಿಯುವುದೇನು? ಮೀನು ಸಾಯುತ್ತದೆ, ನೀರು ಕಪ್ಪಾಗುತ್ತದೆ, ದುರ್ವಾಸನೆ ಹುಟ್ಟುತ್ತದೆ.

ಕೊಳೆಯನ್ನು ಕೊಳೆಸಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗೆ ಜೈವಿಕ ಆಮ್ಲಜನಕ ಬೇಡಿಕೆ, ಚಿಕ್ಕದಾಗಿ ಬಿ.ಒ.ಡಿ. ಎನ್ನುತ್ತಾರೆ. ನಮ್ಮ ಊರುಗಳ ಚರಂಡಿ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಪಲ್ಪಿಂಗ್ ನೀರಿನಲ್ಲಿ ಹಲವು ಸಾವಿರ! ನದಿ ಹಳ್ಳಗಳಿಗೆ ಬಿಡುವ ತ್ಯಾಜ್ಯ ನೀರಿಗೆ ನಮ್ಮ ದೇಶದ ಸಾಮಾನ್ಯ ಮಾನದಂಡ 30 ಮಿಲಿಗ್ರಾಂ ಮಾತ್ರ. ಒಂದು ಲೆಕ್ಕ ನೋಡಿ. ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಪಲ್ಪಿಂಗ್ ನೀರಿನ ಬೇಡಿಕೆ 4000 ಎಂದಿಟ್ಟುಕೊಂಡರೆ, ಅದರ ಒಂದೇ ಒಂದು ಲೀಟರ್ 500 ಲೀಟರ್ ಒಳ್ಳೆಯ ನೀರಿನ ಉಸಿರನ್ನು ಕಸಿಯಬಲ್ಲದು. ಇದರ ಜೊತೆ ಹುಳಿ ಬೇರೆ. ಆ ತಾಯಿಯ ಕೈ ತುರಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಕೊನೆಯಲ್ಲಿ ತೊಳೆಯುವುದೋ, ಮೊದಲೇ ಉಳಿಸುವುದೋ?

ಇಂತಹ ನೀರನ್ನು ಶುದ್ಧೀಕರಿಸುವ ಕ್ರಮ ಇದೆ. ಮೊದಲು ಸುಣ್ಣ ಬೆರೆಸಿ ಹುಳಿಯನ್ನು ಮುರಿಯಬೇಕು. ನಂತರ ಗಾಳಿ ಸೋಕದ ಹೊಂಡದಲ್ಲಿ ನಿಲ್ಲಿಸಬೇಕು. ಅಲ್ಲಿ ಗಾಳಿಯಿಲ್ಲದೆಯೇ ಬದುಕುವ ಜೀವಿಗಳು ಕೊಳೆಯ ಹೆಚ್ಚಿನ ಭಾಗವನ್ನು ತಿಂದು ಅನಿಲವಾಗಿಸುತ್ತವೆ. ಸಗಣಿ ಗೊಬ್ಬರದ ಅನಿಲದಂತೆ ಇದೂ ಒಲೆ ಉರಿಸಬಲ್ಲದು. ಆಮೇಲೆ ಇನ್ನೊಂದು ಹೊಂಡದಲ್ಲಿ ಯಂತ್ರದಿಂದ ಗಾಳಿ ಊದಿ ಉಳಿದ ಕೊಳೆಯನ್ನು ತೆಗೆದು, ತಿಳಿಯಾಗಲು ಬಿಡಬೇಕು. ಆ ನೀರನ್ನು ತೋಟಕ್ಕೆ ಹಾಯಿಸಬಹುದು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ ಪ್ರಕಾರ ಕೊಳೆ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಡುವುದು ನಿಷಿದ್ಧ.

ಆದರೆ ಹೊಂಡ ತೋಡಲು ಜಾಗ ಬೇಕು, ಹಣ ಬೇಕು, ವರ್ಷದಲ್ಲಿ ಮೂರೇ ತಿಂಗಳ ಕೆಲಸಕ್ಕೆ ಜೀವಿಗಳನ್ನು ಸಾಕಬೇಕು. ಆದ್ದರಿಂದ ಸಂಶೋಧಕರು ಹಿಂದಕ್ಕೆ ಹೋಗಿ ಇನ್ನೊಂದು ಪ್ರಶ್ನೆ ಕೇಳಿದರು. ಕೊಳೆಯನ್ನು ನೀರಿಗೆ ಸೇರಿಸಿ ಆಮೇಲೆ ತೆಗೆಯುವ ಬದಲು, ಸೇರಿಸದೇ ಇದ್ದರೆ?

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 1938ರಲ್ಲಿ ಸ್ಥಾಪನೆಯಾದ ಸೆನಿಕಫೆ ಎಂಬ ಕಾಫಿ ಸಂಶೋಧನಾ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳು ಹಣ್ಣನ್ನು ನೀರಿಲ್ಲದೆಯೇ ಸುಲಿಯುವ, ಲೋಳೆಯನ್ನು ಹುದುಗಿಸದೆ ಯಂತ್ರದಲ್ಲೇ ಉಜ್ಜಿ ತೆಗೆಯುವ, ಸಿಪ್ಪೆ ಲೋಳೆ ಎರಡನ್ನೂ ಕಲಸಿ ಗೊಬ್ಬರಕ್ಕೆ ಕಳಿಸುವ ವಿಧಾನವೊಂದನ್ನು ರೂಪಿಸಿದರು. ಹಳೆಯ ಪದ್ಧತಿಯಲ್ಲಿ ಅಲ್ಲಿ ಒಂದು ಕಿಲೋ ಒಣ ಪಾರ್ಚ್‌ಮೆಂಟ್ ಕಾಫಿಗೆ ಸುಮಾರು 40 ಲೀಟರ್ ನೀರು ಬೇಕಾಗುತ್ತಿತ್ತು. ಹೊಸ ವಿಧಾನದಲ್ಲಿ ಬೇಕಾದದ್ದು ಸುಮಾರು ಒಂದು ಲೀಟರ್! ಉಳಿದ ಆ ಸ್ವಲ್ಪ ನೀರು ಬಹಳ ಗಟ್ಟಿಯಾಗಿರುತ್ತದೆ, ಅದನ್ನೂ ಶುದ್ಧೀಕರಿಸಲೇಬೇಕು. ಆದರೆ ಕೆರೆಯಂತಹ ಹೊಂಡದ ಬದಲು ತೊಟ್ಟಿಯಷ್ಟು ಜಾಗ ಸಾಕು. ಕಡಿಮೆ ನೀರು ಬಳಸುವ ಪಲ್ಪರ್‌ಗಳು ನಮ್ಮ ಮಲೆನಾಡಿನ ತೋಟಗಳಿಗೂ ಬಂದಿವೆ. 1925ರಿಂದ ಬಾಳೆಹೊನ್ನೂರಿನ ಬಳಿ ಇರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಗಿಡದ ರೋಗದಿಂದ ಹಿಡಿದು ಹಣ್ಣಿನ ಸಂಸ್ಕರಣೆಯವರೆಗೆ ಬೆಳೆಗಾರರಿಗೆ ಮಾರ್ಗದರ್ಶನ ನೀಡುತ್ತದೆ.

ಈ ಬುದ್ಧಿ ನಮ್ಮ ಹಿರಿಯರಿಗೂ ಹೊಸದಲ್ಲ. ತರೀಕೆರೆ ಕಡೆಯ ಅಡಿಕೆ ಮನೆಗಳಲ್ಲಿ ಅಡಿಕೆ ಬೇಯಿಸಿದ ಕೆಂಪು ನೀರನ್ನು ಯಾರೂ ಚರಂಡಿಗೆ ಚೆಲ್ಲುವುದಿಲ್ಲ. ಅದು ಚೊಗರು. ಅಡಿಕೆಗೆ ಬಣ್ಣ ಕೊಡಲು ಬೇಕಾಗುತ್ತದೆ. ಸಾಗರ ತಾಲೂಕಿನ ಮಹಿಳೆಯರ ಕೈಮಗ್ಗ ಸಂಸ್ಥೆ 'ಚರಕ'ದಲ್ಲಿ ಬಟ್ಟೆಗೆ ಹಾಕುವ ಬಣ್ಣಕ್ಕೂ ಚೊಗರು ಬಳಕೆಯಾಗಿದೆ. ಚೆಲ್ಲಿದ್ದರೆ ಮಾಲಿನ್ಯವಾಗುತ್ತಿದ್ದ ವಸ್ತು ಉಳಿಸಿಕೊಂಡದ್ದರಿಂದ ಸರಕಾಯಿತು.

ಕುರ್ಬಾನಿಯ ಚರ್ಮ ಎಲ್ಲಿಗೆ ಹೋಗುತ್ತದೆ?

ಕಾಫಿ ತೋಟದವರ ತಪ್ಪನ್ನು ಮಾತ್ರ ಎಣಿಸಿ ಕೈತೊಳೆದುಕೊಂಡರೆ ಅದು ನ್ಯಾಯವಾಗದು. ಪ್ರತಿ ಬಕ್ರೀದಿಗೆ ಮದ್ರಸದ ನಿಧಿಗೆಂದು ಮನೆಮನೆಯಿಂದ ಆಡು, ಕುರಿಗಳ ಚರ್ಮ ಬರುತ್ತದೆ. ಕೆಡದಿರಲೆಂದು ನಾವೇ ಉಪ್ಪು ಹಚ್ಚುತ್ತೇವೆ. ಚರ್ಮದ ತೂಕದ ಸುಮಾರು ಶೇ. 40ರಷ್ಟು ಉಪ್ಪು ಹಿಡಿಯುತ್ತದೆ. ಎರಡು ಕಿಲೋದ ಚರ್ಮಕ್ಕೆ ಮುಕ್ಕಾಲು ಕಿಲೋಗಿಂತ ಹೆಚ್ಚು. ಲಾರಿ ಹೊರಟ ಮೇಲೆ ಆ ಉಪ್ಪಿನ ನೆನಪು ನಮಗಿರುವುದಿಲ್ಲ.

ಹದ ಮಾಡುವ ಕಾರ್ಖಾನೆಯಲ್ಲಿ ಮೊದಲ ಕೆಲಸವೇ ಚರ್ಮವನ್ನು ನೆನೆಸಿ ಉಪ್ಪು ತೊಳೆಯುವುದು. ಸೂಕ್ಷ್ಮಜೀವಿಗಳು ಸಕ್ಕರೆ ತಿನ್ನುತ್ತವೆ, ಉಪ್ಪು ತಿನ್ನುವುದಿಲ್ಲ. ಮುಂದೆ ಚರ್ಮಕ್ಕೆ ಕ್ರೋಮಿಯಂ ಲವಣ ಹಾಕುತ್ತಾರೆ. ಹಳೆಯ ವಿಧಾನದಲ್ಲಿ ಅದರ ಮೂರನೆಯ ಒಂದು ಭಾಗದಷ್ಟು ಚರ್ಮಕ್ಕೆ ಹಿಡಿಯದೆ ನೀರಿನಲ್ಲೇ ಉಳಿಯುತ್ತದೆ.

ಇದರ ಫಲವನ್ನು ಕಂಡದ್ದು ಪಾಲಾರ್ ನದಿ. ನಮ್ಮದೇ ನಂದಿ ಬೆಟ್ಟದಲ್ಲಿ ಹುಟ್ಟಿ ಕೋಲಾರದ ಮೂಲಕ ತಮಿಳುನಾಡಿಗೆ ಹೋಗುವ ಈ ನದಿಯ ದಂಡೆಯ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳು ಚರ್ಮೋದ್ಯಮಕ್ಕೆ ಹೆಸರಾದವು. ನಮ್ಮ ಸಮುದಾಯದವರು ತಲೆಮಾರುಗಳಿಂದ ಈ ಉದ್ಯಮದಲ್ಲಿದ್ದಾರೆ. 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ, ಆ ಭಾಗದ ಸುಮಾರು 35,000 ಹೆಕ್ಟೇರ್ ಕೃಷಿ ಭೂಮಿ ಭಾಗಶಃ ಅಥವಾ ಪೂರ್ತಿಯಾಗಿ ಬೇಸಾಯಕ್ಕೆ ಅಯೋಗ್ಯವಾಗಿದೆ ಎಂಬ ವರದಿ ದಾಖಲಾಗಿದೆ. ಮಾಲಿನ್ಯ ಮಾಡಿದವರೇ ಪರಿಹಾರದ ವೆಚ್ಚ ಭರಿಸಬೇಕೆಂದು ನ್ಯಾಯಾಲಯ ಹೇಳಿತು. ಸಾಮೂಹಿಕ ಶುದ್ಧೀಕರಣ ಘಟಕಗಳೂ ಆದವು. ಆದರೂ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದೇ ಪಾಲಾರ್ ಮಾಲಿನ್ಯದ ಬಗ್ಗೆ ಮತ್ತೊಮ್ಮೆ ತೀರ್ಪು ಕೊಡಬೇಕಾಯಿತು. ಒಮ್ಮೆ ನೀರಿಗೆ ಬೆರೆತದ್ದನ್ನು ಮರಳಿ ತೆಗೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1948ರಲ್ಲಿ ಆರಂಭವಾದ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇಲ್ಲಿಯೂ ತಯಾರಿಕೆಯ ಕ್ರಮವನ್ನೇ ತಿದ್ದಲು ಹೊರಟಿದೆ. ಕಡಿಮೆ ಉಪ್ಪಿನಲ್ಲಿ ಚರ್ಮ ಕಾಪಾಡುವುದು, ಉಳಿದ ಕ್ರೋಮಿಯಂ ಅನ್ನು ನೀರಿನಿಂದ ಬೇರ್ಪಡಿಸಿ ಮತ್ತೆ ಬಳಸುವುದು, ಹದ ಮಾಡುವ ಹಂತದಲ್ಲಿ ನೀರನ್ನೇ ಬಳಸದಿರುವುದು ಅದರ ಸಂಶೋಧನೆಗಳಲ್ಲಿ ಸೇರಿವೆ. ಇನ್ನೊಂದು ಬಹಳ ಸರಳ ಉಪಾಯವೂ ಇದೆ. ನೆನೆಸುವ ಮೊದಲೇ ಚರ್ಮವನ್ನು ಒದರಿ, ಸಡಿಲವಾಗಿರುವ ಉಪ್ಪನ್ನು ಒಣಗಿರುವಾಗಲೇ ಉದುರಿಸುವುದು. ಉದುರಿದಷ್ಟು ಉಪ್ಪು ನೀರಿಗೆ ಸೇರುವುದಿಲ್ಲ.

ಪಾಕ್ ಮತ್ತು ಸಾಫ್

ಶುದ್ಧೀಕರಿಸಿದ ಚರಂಡಿ ನೀರಿನಿಂದ ವುಝೂ ಮಾಡಬಹುದೇ ಎಂಬ ಪ್ರಶ್ನೆ ಮರುಭೂಮಿಯ ನಾಡಿನಲ್ಲಿ ಬಹಳ ಹಿಂದೆಯೇ ಎದ್ದಿತ್ತು. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ಉಲಮಾಗಳ ಮಂಡಳಿ ತಜ್ಞರ ಅಭಿಪ್ರಾಯ ಪಡೆದು, ಬಣ್ಣ ರುಚಿ ವಾಸನೆಗಳಲ್ಲಿ ಕೊಳೆಯ ಕುರುಹು ಉಳಿಯದಷ್ಟು ಶುದ್ಧೀಕರಿಸಿದರೆ ಆ ನೀರು ಪಾಕ್ ಎಂದು ತೀರ್ಮಾನಿಸಿತು. ಜೊತೆಗೆ, ಆರೋಗ್ಯಕ್ಕೆ ಹಾನಿಯಾಗುವಂತಿದ್ದರೆ ಅದನ್ನು ಕುಡಿಯಬಾರದು ಎಂದೂ ಹೇಳಿತು. ಉಲಮಾಗಳು ವಿಜ್ಞಾನಿಗಳನ್ನು ಕೇಳಿ ಉತ್ತರ ಕೊಟ್ಟ ಈ ರೀತಿ ನನಗೆ ಬಹಳ ಹಿಡಿಸಿತು. ಪಾಕ್ ಎಂಬುದು ಒಂದು ಮಾತು, ದೇಹಕ್ಕೆ ಹಿತ ಎಂಬುದು ಇನ್ನೊಂದು ಮಾತು. ಎರಡನ್ನೂ ಕೇಳಿ ತಿಳಿಯಬೇಕು.

ಸಹೋದರಿಯರೇ, ಕಾರ್ಖಾನೆ ನಡೆಸುವವರು ನಾವಲ್ಲದಿರಬಹುದು. ಆದರೆ ಅಡುಗೆಮನೆಯೂ ಒಂದು ಸಣ್ಣ ಕಾರ್ಖಾನೆಯೇ. ಬಿರಿಯಾನಿಯ ದೇಗ್ಚಿಯ ಜಿಡ್ಡನ್ನು ಹಳೆಯ ಕಾಗದದಲ್ಲಿ ಒರೆಸಿ ಆಮೇಲೆ ತೊಳೆದರೆ ನೀರೂ ಸೋಪೂ ಅರ್ಧ ಸಾಕು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ ಹೋಗಲಿ. ಬಕ್ರೀದಿನಲ್ಲಿ ಚರ್ಮವನ್ನು ಕುಯ್ದ ಕೆಲವೇ ಗಂಟೆಗಳಲ್ಲಿ ತಲುಪಿಸಿದರೆ ಕೆಡುವುದೂ ಇಲ್ಲ, ಕೆಟ್ಟಿತೆಂದು ಹಳ್ಳಕ್ಕೆ ಎಸೆಯುವುದೂ ತಪ್ಪುತ್ತದೆ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಲಿಸುವಾಗ ನಳ ತೆರೆದೇ ಇರುತ್ತದೆ!

ಮರುವಾರ ಆ ಹುಡುಗಿಯನ್ನು ಕರೆದು ಹೇಳಿದೆ, "ಮಗಳೇ, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿದ್ದೆ. ಆ ನೀರಿನಲ್ಲಿ ವುಝೂನೂ ಬೇಡ, ಬಟ್ಟೆ ಒಗೆಯೋದೂ ಬೇಡ. ಅಮ್ಮಿಗೆ ಹೇಳು, ತೋಟದ ರೈಟರ್ ಹತ್ರ ಬೇರೆ ನೀರು ಕೇಳಲಿ. ಅದು ಅವರ ಹಕ್ಕು."

ಆಕೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು, "ಆ ಹಳ್ಳ ಮುಂದೆ ಎಲ್ಲಿಗೆ ಹೋಗುತ್ತೆ ಹಜ್ರತ್?"

"ಯಾವುದೋ ಊರಿನ ಕೆರೆಗೆ," ಎಂದೆ. ಮುಂದಿನ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ.