ತಾತನ ಲೆಕ್ಕ, ಮೊಮ್ಮಗಳ ಬೂಟು

ಮಕ್ಕಳೇ, ಶಾಲೆಗೆ ಬೂಟು ಕೊಡಿಸುವಾಗ ‘ಬೆಳೆಯುವ ಕಾಲು, ಸ್ವಲ್ಪ ದೊಡ್ಡದೇ ಇರಲಿ’ ಎನ್ನುವ ತಾತಂದಿರಲ್ಲಿ ನಾನೂ ಒಬ್ಬ. ಕಳೆದ ಚಳಿಗಾಲ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆಂದು ಮೊಮ್ಮಗಳಿಗೆ ಬೂಟು ಬಾಡಿಗೆ ಪಡೆದಾಗಲೂ ಹಾಗೇ ಮಾಡಿದೆ. ಒಳಗೆ ಎರಡೆರಡು ಉಣ್ಣೆಯ ಕಾಲುಚೀಲ ಬೇರೆ! ಪಾಪ, ಮೂರು ಸಲ ಬಿದ್ದಳು. “ತಾತ, ನಂಗೆ ಇದು ಬರೋದೇ ಇಲ್ಲ” ಎಂದು ಅತ್ತಳು.

ಕಲಿಸುವವರು ಬಂದು ಬೂಟು ಬಿಚ್ಚಿಸಿದರು. ಸ್ಕೀ ಹಲಗೆ ತಿರುಗುವುದು ಕಾಲು ಹೇಳಿದಂತೆ. ಬೂಟಿನೊಳಗೆ ಕಾಲೇ ಜಾರಿದರೆ ಹಲಗೆ ಮಾತು ಕೇಳುವುದಿಲ್ಲ. ಸ್ಕೀ ಬೂಟಿನ ಸೈಜ್ ಎಂದರೆ ಸೆಂಟಿಮೀಟರಿನಲ್ಲಿ ಪಾದದ ಉದ್ದ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ಅಳೆದರೆ ಅವಳದು 22. ನಾನು ಹಾಕಿಸಿದ್ದು 24!

ತೆಳುವಾದ ಒಂದೇ ಕಾಲುಚೀಲ ಸಾಕು. ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಬಕಲ್ ಹಾಕಬೇಕು. ನೆಟ್ಟಗೆ ನಿಂತರೆ ಬೆರಳ ತುದಿ ಬೂಟಿನ ಮುಂಭಾಗಕ್ಕೆ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಕಾಲು ಜೋಮು ಹಿಡಿದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ.

ಬೂಟು ಬದಲಾಯಿಸಿದ ಮೇಲೆ ಮೊಮ್ಮಗಳು ನಗುತ್ತ ಜಾರಿದಳು. ತಪ್ಪು ಅವಳದಲ್ಲ, ಬ್ಯಾಂಕಿನಲ್ಲಿ ಜೀವನವಿಡೀ ಲೆಕ್ಕ ಬರೆದ ಈ ತಾತನ ಅಂದಾಜಿನದು. ಅದನ್ನು ಅವಳಿಗೂ ಹೇಳಿ, ಕ್ಷಮೆ ಕೇಳಿದೆ.