ಬಳಕೆದಾರರೇ ಬದಲಿಸಬಲ್ಲ ಬ್ಯಾಟರಿ

1979ರ ಜುಲೈ 1ರಂದು ಜಪಾನಿನ ಮಾರುಕಟ್ಟೆಗೆ ಬಂದ, ಹಾಡು ಕೇಳುವ ಕಿರು ಸಾಧನವಾದ ಸೋನಿ ವಾಕ್‌ಮನ್, ಎರಡು ‘ಎಎ’ ಸೆಲ್‌ಗಳಿಂದ, ಅಂದರೆ ಗೋಡೆ ಗಡಿಯಾರಕ್ಕೂ ಹಾಕುವ ಸಾಮಾನ್ಯ ಸೆಲ್‌ಗಳಿಂದ, ನಡೆಯುತ್ತಿತ್ತು. ಅವು ಮುಗಿದಾಗ ಹೊಸವನ್ನು ಹಾಕಿದರೆ ಹಾಡು ಮುಂದುವರಿಯುತ್ತಿತ್ತು. 2001ರಲ್ಲಿ ಬಂದ, ಹಾಡು ಕೇಳುವ ಮತ್ತೊಂದು ಸಾಧನವಾದ ಆಪಲ್ ಐಪಾಡ್‌ನಲ್ಲಾದರೋ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿಯನ್ನು ಕವಚದೊಳಗೇ ಮುಚ್ಚಿಡಲಾಯಿತು. ಇಂಥ ಬ್ಯಾಟರಿಯ ಧಾರಣಶಕ್ತಿ, ಎಂದರೆ ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯ, ಒಳಗಿನ ರಾಸಾಯನಿಕ ಬದಲಾವಣೆಗಳಿಂದ ವರ್ಷಗಳುರುಳಿದಂತೆ ಕುಗ್ಗುವುದರಿಂದ, ಉಳಿದ ಭಾಗಗಳೆಲ್ಲ ಸುಸ್ಥಿತಿಯಲ್ಲಿದ್ದರೂ ಉಪಕರಣವೇ ಮೂಲೆ ಸೇರುತ್ತದೆ. ಈ ನಷ್ಟವನ್ನು ತಡೆಯಲು ಐರೋಪ್ಯ ಒಕ್ಕೂಟವು 2023ರಲ್ಲಿ ರೂಪಿಸಿದ ನಿಯಮದ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಉಪಕರಣಗಳಲ್ಲಿನ ಸಣ್ಣ ಬ್ಯಾಟರಿಗಳು ಬಳಕೆದಾರರೇ ಸುಲಭವಾಗಿ ತೆಗೆದು ಬದಲಿಸುವಂತಿರಬೇಕು. ಬ್ಯಾಟರಿಯ ಆಯುಷ್ಯವೇ ಉಪಕರಣದ ಆಯುಷ್ಯವಾಗಬಾರದು.